ಒಂದು ಸಹಿಗೆ ಒಂದು ಬಾಟಲಿ ರಕ್ತ

ನಮ್ಮ ಚಂದಾಪುರದಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದು ರಸ್ತೆಗೆ ಬಂದರೆ ಓಡುವ ಹುಡುಗರು ಕಾಣಿಸುತ್ತಾರೆ. ಒಬ್ಬನಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗುವ ಆಸೆ, ಇನ್ನೊಬ್ಬನಿಗೆ ಅಗ್ನಿವೀರ, ಮತ್ತೊಬ್ಬನಿಗೆ ಅರಣ್ಯ ರಕ್ಷಕ. ಲಿಖಿತ ಪರೀಕ್ಷೆಯಲ್ಲಿ ಹೋದರೆ ಮುಂದಿನ ಸಲ ಮತ್ತೆ ಬರೆಯಬಹುದು. ಮೆಡಿಕಲ್‌ನಲ್ಲಿ ಅನ್‌ಫಿಟ್ ಎಂದು ಬರೆದುಕೊಟ್ಟರೆ ಮಾತ್ರ ಮನೆಗೆ ಬಂದು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಓದಿದ್ದು ಸಾಲದು ಎಂದಲ್ಲ, ನಿನ್ನ ದೇಹವೇ ಸಾಲದು ಎಂದ ಹಾಗೆ ಅದು.

1934ರಲ್ಲಿ ಅಮೆರಿಕದ ನೌಕಾಪಡೆಯ ಒಬ್ಬ ಅಧಿಕಾರಿಗೆ ಹೀಗೇ ಬರೆದುಕೊಟ್ಟರು. ಹೆಸರು ರಾಬರ್ಟ್ ಎ. ಹೈನ್‌ಲೈನ್. ವಯಸ್ಸು 27. ಕಾಯಿಲೆ ಕ್ಷಯ. ಮುಂದೆ ಇಂಗ್ಲಿಷಿನ ವಿಜ್ಞಾನ ಕಥಾಲೋಕದಲ್ಲಿ ಐಸಾಕ್ ಅಸಿಮೋವ್, ಆರ್ಥರ್ ಸಿ. ಕ್ಲಾರ್ಕ್ ಇಬ್ಬರ ಜೊತೆ ಮೂರನೆಯ ಹೆಸರಾಗಿ ಸೇರಿದವರು ಇವರೇ. ಅವರ ಪುಸ್ತಕಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನನಗೆ ಹೇಳಬೇಕಾಗಿರುವುದು ಅವರ ಕಾಯಿಲೆಗಳ ಕಥೆ, ಮತ್ತು ಆ ಕಾಯಿಲೆಯ ದೇಹವನ್ನು ಎತ್ತಿಕೊಂಡು ಅವರು ಓದುಗರ ಸಮ್ಮೇಳನಗಳಿಗೆ ಹೋಗಿ ಮಾಡಿದ ಒಂದು ಕೆಲಸದ ಕಥೆ.

ಹೈನ್‌ಲೈನ್ ಹುಟ್ಟಿದ್ದು 1907ರ ಜುಲೈ 7ರಂದು, ಮಿಸ್ಸೌರಿ ರಾಜ್ಯದ ಬಟ್ಲರ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಕಾನ್ಸಾಸ್ ಸಿಟಿಯಲ್ಲಿ. ದೊಡ್ಡ ಕುಟುಂಬ, ಕೈ ಬಿಗಿ. ಆ ಕಾಲದ ಬಡ, ಬುದ್ಧಿವಂತ ಹುಡುಗರಿಗೆ ಸರ್ಕಾರಿ ಖರ್ಚಿನಲ್ಲಿ ಓದಲು ಇದ್ದ ಒಂದು ದಾರಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ. ಹಟ ಹಿಡಿದು ಅಲ್ಲಿ ಸೀಟು ಗಿಟ್ಟಿಸಿ 1929ರಲ್ಲಿ ಪದವಿ ಪಡೆದರು. ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್‌ನಲ್ಲಿ, ಆಮೇಲೆ ರೋಪರ್ ಎಂಬ ಯುದ್ಧನೌಕೆಯಲ್ಲಿ ಕೆಲಸ. ನಿವೃತ್ತಿಯ ತನಕ ಸಮುದ್ರದಲ್ಲೇ ಎಂದುಕೊಂಡಿದ್ದ ಮನುಷ್ಯ ಐದೇ ವರ್ಷಕ್ಕೆ ದಡಕ್ಕೆ ಬಂದು ಬಿದ್ದರು.

ಕ್ಷಯಕ್ಕೆ ಆಗ ಔಷಧವೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯವರೆಗೆ ಚಿಕಿತ್ಸೆ ಎಂದರೆ ಮಲಗಿರುವುದು, ಒಳ್ಳೆಯ ಗಾಳಿ, ಕಾಯುವುದು. ಡೆನ್ವರ್ ಪಕ್ಕದ ಸೇನಾ ಆಸ್ಪತ್ರೆಯಲ್ಲಿ ಹೈನ್‌ಲೈನ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಮಲಗಿ ಮಲಗಿ ಬೆನ್ನು ನೋಯುವವರಿಗೆ ನೀರು ತುಂಬಿದ ಹಾಸಿಗೆ ಇದ್ದರೆ ಹೇಗೆ ಎಂಬ ಯೋಚನೆ ಅವರಿಗೆ ಬಂದದ್ದು ಆ ದಿನಗಳಲ್ಲೇ. ಅದನ್ನು ಅವರು ಮಾಡಿ ಮಾರಲಿಲ್ಲ, ತಮ್ಮ ಕಾದಂಬರಿಗಳಲ್ಲಿ ಅಲ್ಲಲ್ಲಿ ವರ್ಣಿಸಿದರು, ಅಷ್ಟೇ. 1960ರ ದಶಕದ ಕೊನೆಗೆ ಚಾರ್ಲ್ಸ್ ಹಾಲ್ ಎಂಬ ವಿದ್ಯಾರ್ಥಿ ವಾಟರ್‌ಬೆಡ್ ಮಾಡಿ ಮಾರುಕಟ್ಟೆಗೆ ತಂದರು.

ಲೆಫ್ಟಿನೆಂಟ್ ದರ್ಜೆ, ಸಣ್ಣ ಪಿಂಚಣಿ ಕೊಟ್ಟು ನೌಕಾಪಡೆ ಅವರನ್ನು ಮನೆಗೆ ಕಳಿಸಿತು. ಮುಂದಿನ ಐದು ವರ್ಷಗಳನ್ನು ನಾವು ಕೆಲಸ ಹುಡುಕುವವರು ಸ್ವಲ್ಪ ನಿಧಾನವಾಗಿ ಓದಬೇಕು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತಶಾಸ್ತ್ರ ಓದಲು ಸೇರಿ ಕೆಲವೇ ವಾರಕ್ಕೆ ಬಿಟ್ಟರು. ಬೆಳ್ಳಿ ಗಣಿಗೆ ಕೈ ಹಾಕಿದರು, ಆಗಲಿಲ್ಲ. ಮನೆ, ನಿವೇಶನದ ವ್ಯಾಪಾರ ಮಾಡಿದರು, ನಡೆಯಲಿಲ್ಲ. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಕ್ಯಾಲಿಫೋರ್ನಿಯಾದಲ್ಲಿ ಬಡತನ ನಿರ್ಮೂಲನೆಗೆಂದು ಚಳವಳಿ ಕಟ್ಟಿದಾಗ ಅದರಲ್ಲಿ ದುಡಿದರು. 1938ರಲ್ಲಿ ತಾವೇ ರಾಜ್ಯ ಶಾಸನಸಭೆಗೆ ಸ್ಪರ್ಧಿಸಿ ಸೋತರು. ಕೈಯಲ್ಲಿದ್ದದ್ದು ಚುನಾವಣೆಗೆ ಹೋಯಿತು. ಮನೆಯ ಮೇಲಿನ ಸಾಲ ಹಾಗೇ ನಿಂತಿತು.

ಆಗ ಒಂದು ಪತ್ರಿಕೆ ಹೊಸ ಬರಹಗಾರರಿಗೆ ಕಥಾಸ್ಪರ್ಧೆ ಇಟ್ಟಿತ್ತು. ಹೈನ್‌ಲೈನ್ ಅದಕ್ಕೆಂದು ಒಂದು ಕಥೆ ಬರೆದರು. ಬರೆದ ಮೇಲೆ ಲೆಕ್ಕ ಹಾಕಿ ನೋಡಿದರೆ ಸ್ಪರ್ಧೆಯ ಬಹುಮಾನಕ್ಕಿಂತ ಅಸ್ಟೌಂಡಿಂಗ್ ಎಂಬ ಇನ್ನೊಂದು ಪತ್ರಿಕೆಯ ಸಂಭಾವನೆಯೇ ಹೆಚ್ಚು. ಅಲ್ಲಿಗೇ ಕಳಿಸಿದರು. ಸಂಪಾದಕ ಜಾನ್ ಕ್ಯಾಂಪ್‌ಬೆಲ್ 70 ಡಾಲರಿಗೆ ಕೊಂಡರು. 1939ರ ಆಗಸ್ಟ್ ಸಂಚಿಕೆಯಲ್ಲಿ ಲೈಫ್-ಲೈನ್ ಪ್ರಕಟವಾಯಿತು. ಒಬ್ಬ ಮನುಷ್ಯ ಯಾವಾಗ ಸಾಯುತ್ತಾನೆ ಎಂದು ಕರಾರುವಾಕ್ಕಾಗಿ ಹೇಳುವ ಯಂತ್ರದ ಕಥೆ ಅದು. ಸಾವಿನ ಹತ್ತಿರ ಹೋಗಿ ಬಂದವನಿಗೆ ಇಂಥ ಯಂತ್ರ ಹೊಳೆದದ್ದು ಸಹಜವೇ ಎನಿಸುತ್ತದೆ ನನಗೆ. ಕಥೆಗಾರನ ವಯಸ್ಸು ಆಗ 32.

ಅಮೆರಿಕದ ವಿಜ್ಞಾನ ಕಥೆಗಳ ಸಮ್ಮೇಳನ ಎಂದರೆ ಏನು ಎಂದು ಇಲ್ಲಿ ಹೇಳಿಬಿಡುತ್ತೇನೆ. 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಮ್ಮ ಭಾಗದ ಎಲ್ಲರಿಗೂ ನೆನಪಿರುತ್ತದೆ. ಪುಸ್ತಕದ ಮಳಿಗೆ, ಗೋಷ್ಠಿ, ನೆಚ್ಚಿನ ಲೇಖಕರ ಸಹಿಗೆ ಮುಗಿಬೀಳುವ ಹುಡುಗ ಹುಡುಗಿಯರು. ಹೆಚ್ಚುಕಡಿಮೆ ಅದೇ, ಆದರೆ ಸರ್ಕಾರದ ಹಣವಿಲ್ಲದೆ ಓದುಗರೇ ಚಂದಾ ಹಾಕಿ ನಡೆಸುವಂಥದ್ದು. ಮೊದಲ ವಿಶ್ವ ಸಮ್ಮೇಳನ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆಯಿತು. ಮೂರನೆಯದು 1941ರ ಜುಲೈಯಲ್ಲಿ ಡೆನ್ವರ್‌ನಲ್ಲಿ. ಅದಕ್ಕೆ ಗೌರವ ಅತಿಥಿ ಹೈನ್‌ಲೈನ್. ಬರೆಯಲು ಶುರುಮಾಡಿ ಎರಡೇ ವರ್ಷ ಆಗಿತ್ತು. ಸೇರಿದ್ದವರು ನೂರು ಜನವೂ ಇರಲಿಲ್ಲ. ಏಳು ವರ್ಷದ ಹಿಂದೆ ಎದೆ ಹಿಡಿದುಕೊಂಡು ಮಲಗಿದ್ದ ಊರಿಗೇ ಅತಿಥಿಯಾಗಿ ಹೋಗುವಾಗ ಅವರ ಮನಸ್ಸಿನಲ್ಲಿ ಏನಿತ್ತೋ.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಹೈನ್‌ಲೈನ್ ಮತ್ತೆ ಸಮವಸ್ತ್ರಕ್ಕೆ ಕೈ ಚಾಚಿದರು. ದೇಹ ಮತ್ತೆ ಅಡ್ಡ ಬಂತು. ಕೊನೆಗೆ ಫಿಲಡೆಲ್ಫಿಯಾದ ನೌಕಾನೆಲೆಯಲ್ಲಿ ಸಮವಸ್ತ್ರವಿಲ್ಲದ ಎಂಜಿನಿಯರ್ ಆಗಿ ದುಡಿದರು, ಅಸಿಮೋವ್ ಮತ್ತು ಸ್ಪ್ರೇಗ್ ಡಿ ಕ್ಯಾಂಪ್ ಅವರನ್ನೂ ಅಲ್ಲಿಗೆ ಕರೆಸಿಕೊಂಡರು. 1942ರಲ್ಲಿ ಬಂದ ಅವರ ವಾಲ್ಡೊ ಎಂಬ ಕಥೆಯ ನಾಯಕನಿಗೆ ಸ್ನಾಯುಗಳಲ್ಲಿ ಬಲವಿಲ್ಲ. ಅವನು ದೂರದಿಂದಲೇ ನಡೆಸಬಲ್ಲ ಯಂತ್ರದ ಕೈಗಳನ್ನು ಮಾಡಿಕೊಳ್ಳುತ್ತಾನೆ. ವಿಕಿರಣ ಇರುವ ಕಡೆ ಬಳಸುವ ಅಂಥ ಯಂತ್ರದ ಕೈಗಳಿಗೆ ಇಂಗ್ಲಿಷಿನಲ್ಲಿ ವಾಲ್ಡೊ ಎಂದೇ ಹೆಸರು ಬಿತ್ತು. ಗಟ್ಟಿ ದೇಹದವನಿಗೆ ಈ ಕಲ್ಪನೆ ಬರುತ್ತಿತ್ತೇ ಎಂದು ನನಗೆ ಸಂಶಯ.

ಯುದ್ಧದ ನಂತರದ ಎರಡು ದಶಕಗಳ ಕೀರ್ತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1948ರಲ್ಲಿ ವರ್ಜೀನಿಯಾ ಗರ್ಸ್ಟೆನ್‌ಫೆಲ್ಡ್ ಅವರನ್ನು ಮದುವೆಯಾದರು. ಚಂದ್ರಯಾನದ ಸಿನಿಮಾಕ್ಕೆ ಕೆಲಸ ಮಾಡಿದರು. ಹುಡುಗರಿಗಾಗಿ ವರ್ಷಕ್ಕೊಂದು ಕಾದಂಬರಿ ಬರೆದರು. ವಿಜ್ಞಾನ ಕಥೆಗೆ ಕೊಡುವ ಹ್ಯೂಗೊ ಪ್ರಶಸ್ತಿ ಕಾದಂಬರಿ ವಿಭಾಗದಲ್ಲಿ ನಾಲ್ಕು ಸಲ ಬಂತು: 1956, 1960, 1962, 1967. 1961ರಲ್ಲಿ ಸಿಯಾಟಲ್‌ನ ವಿಶ್ವ ಸಮ್ಮೇಳನಕ್ಕೆ ಎರಡನೇ ಸಲ ಗೌರವ ಅತಿಥಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಟಿವಿಯಲ್ಲಿ ವಾಲ್ಟರ್ ಕ್ರಾಂಕೈಟ್ ಜೊತೆ ಕೂತು ಕ್ಲಾರ್ಕ್ ಮತ್ತು ಇವರು ಮಾತಾಡಿದರು.

ಅವರ ವಿಚಾರಗಳು ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಸೈನ್ಯವನ್ನು ಹಾಡಿಹೊಗಳುತ್ತಾರೆ ಎಂದು ಸ್ಟಾರ್‌ಶಿಪ್ ಟ್ರೂಪರ್ಸ್ ಕಾದಂಬರಿಯನ್ನು ಬೈದವರು ಬಹಳ. ನನಗೂ ಅದರ ಕೆಲವು ಪುಟಗಳು ಗಂಟಲಲ್ಲಿ ಇಳಿಯಲಿಲ್ಲ. ಅವರ ಪುಸ್ತಕಗಳ ನಾಯಕ ಸಾಮಾನ್ಯವಾಗಿ ತನ್ನ ಕಾಲ ಮೇಲೆ ತಾನು ನಿಲ್ಲುವವನು. ಯಾರ ಹಂಗಿಗೂ ಬೀಳುವುದಿಲ್ಲ, ಎಲ್ಲ ಕೆಲಸವೂ ಅವನಿಗೆ ಬರುತ್ತದೆ. ಇಂಥ ನಾಯಕರನ್ನು ಸೃಷ್ಟಿಸಿದವರಿಗೆ 1970ರಲ್ಲಿ ಏನಾಯಿತು ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ.

ಆ ವರ್ಷದ ಆರಂಭದಲ್ಲಿ ಅವರಿಗೆ ಹೊಟ್ಟೆಯ ಒಳಪೊರೆಯ ಸೋಂಕು ತಗುಲಿತು. ಡಾಕ್ಟರುಗಳು ಪೆರಿಟೊನೈಟಿಸ್ ಎನ್ನುವ ಇದು ಈಗಲೂ ಜೀವಕ್ಕೆ ಅಪಾಯ ತರುವ ಕಾಯಿಲೆ. ಮತ್ತೆ ಮತ್ತೆ ರಕ್ತ ಏರಿಸಬೇಕಾಯಿತು. ಅಲ್ಲಿ ಕಷ್ಟ ಬಂತು. ಅವರದು ಎ-2 ನೆಗೆಟಿವ್, ಅಂದರೆ ಎ ಗುಂಪಿನೊಳಗಿನ ಒಂದು ಉಪಗುಂಪು, ಜೊತೆಗೆ ನೆಗೆಟಿವ್. ಬೇಕೆಂದಾಗ ಸಿಗುವ ರಕ್ತವಲ್ಲ. ಹೇಗೋ ಸಿಕ್ಕಿತು. ತಮ್ಮ ಮುಖವನ್ನೇ ನೋಡದ, ತಮ್ಮ ಪುಸ್ತಕ ಓದಿದ್ದಾರೋ ಇಲ್ಲವೋ ಗೊತ್ತಿಲ್ಲದ ಜನರ ರಕ್ತ. ಚೇತರಿಸಿಕೊಳ್ಳಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಕಾಯಿಲೆ ಬೀಳುವ ಮೊದಲೇ ಅವರು ಬರೆದಿಟ್ಟಿದ್ದ ಕಾದಂಬರಿಯ ಮುದುಕ ಶ್ರೀಮಂತನ ರಕ್ತವೂ ಅಪರೂಪದ ಗುಂಪಿನದು, ಅದೇ ಗುಂಪಿನ ದಾನಿಯೊಬ್ಬಳ ಸುತ್ತ ಆ ಕಥೆ ತಿರುಗುತ್ತದೆ.

ರಕ್ತದ ವಿಷಯ ನಮ್ಮ ಕಡೆಯವರಿಗೆ ಹೊಸದಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರ ಎಲ್ಲಿಯವರೇ ಆಗಲಿ, ಕೇಸು ಸೀರಿಯಸ್ ಎಂದರೆ ಕಲಬುರಗಿಗೆ ಓಡಬೇಕು. ಚಂದಾಪುರದಿಂದ ಬಸ್ಸಿನಲ್ಲಿ ಎರಡು ತಾಸಿಗೂ ಹೆಚ್ಚಿನ ದಾರಿ. ದಾರಿಯಲ್ಲೇ ಮೊಬೈಲಿನ ಗ್ರೂಪುಗಳಲ್ಲಿ ಮೆಸೇಜು ಓಡುತ್ತದೆ: ಬಿ ನೆಗೆಟಿವ್ ಬೇಕು, ಎಬಿ ನೆಗೆಟಿವ್ ಬೇಕು, ಅರ್ಜೆಂಟ್. ನಮ್ಮ ದೇಶದಲ್ಲಿ ನೆಗೆಟಿವ್ ರಕ್ತದವರು ನೂರಕ್ಕೆ ಸುಮಾರು ಐದು ಜನ. ಅದಕ್ಕಿಂತ ಅಪರೂಪದ್ದೂ ಒಂದಿದೆ. 1952ರಲ್ಲಿ ಮುಂಬೈಯಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ಗುಂಪು. ಅಂಥವರಿಗೆ ಒ ಗುಂಪಿನ ರಕ್ತವೂ ಒಗ್ಗುವುದಿಲ್ಲ, ಬಾಂಬೆ ಗುಂಪಿನದೇ ಆಗಬೇಕು. ದುಡ್ಡಿದ್ದರೂ ಅಂಗಡಿಯಲ್ಲಿ ಸಿಗದ ವಸ್ತು ಇದು. ಕಾರ್ಖಾನೆಯಲ್ಲಿ ಮಾಡಲು ಇನ್ನೂ ಬಂದಿಲ್ಲ. ತೆಗೆದಿಟ್ಟರೆ ಸಾಮಾನ್ಯವಾಗಿ 35ರಿಂದ 42 ದಿನ ಇಡಬಹುದು, ಆಮೇಲೆ ಚೆಲ್ಲಬೇಕು. ಆದ್ದರಿಂದ ಯಾರೋ ಒಬ್ಬರು ತೋಳು ಚಾಚುತ್ತಲೇ ಇರಬೇಕು.

ಹೈನ್‌ಲೈನ್ ಗುಣವಾದ ಮೇಲೆ ತಮ್ಮನ್ನು ಉಳಿಸಿದ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕೂತು ಅಧ್ಯಯನ ಮಾಡಿದರು. ಆ ಕಾಲದ ಅಮೆರಿಕದಲ್ಲಿ ಹಣಕ್ಕಾಗಿ ರಕ್ತ ಮಾರುವವರು ಬಹಳ ಇದ್ದರು, ಅದರಿಂದ ಕಾಮಾಲೆಯ ಸೋಂಕು ಹಬ್ಬುತ್ತಿತ್ತು. ಸ್ವಯಂಪ್ರೇರಿತ ದಾನದ ಕಡೆಗೆ ತಿರುಗಬೇಕು ಎಂದು ಸರ್ಕಾರ ನೀತಿ ರೂಪಿಸುತ್ತಿದ್ದ ಹೊತ್ತು. (ನಮ್ಮಲ್ಲಿ ರಕ್ತ ಮಾರುವುದು ನಿಂತದ್ದು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ.) ಹೈನ್‌ಲೈನ್ ಅಪರೂಪದ ರಕ್ತದ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಅದು ಕಾಂಪ್ಟನ್ ವಿಶ್ವಕೋಶದ 1976ರ ವಾರ್ಷಿಕ ಸಂಪುಟದಲ್ಲಿ ಬಂತು. ಅಷ್ಟಕ್ಕೇ ಕೈತೊಳೆದುಕೊಳ್ಳಬಹುದಿತ್ತು. ಗಂಡ ಹೆಂಡತಿ ಇಬ್ಬರೂ ದೇಶದ ಉದ್ದಗಲ ತಿರುಗಿ ರಕ್ತದಾನದ ಕೆಲಸಕ್ಕೆ ನಿಂತರು.

ಅಲ್ಲಿ ಅವರಿಗೆ ಹೊಳೆದ ಉಪಾಯ ಬಹಳ ಸರಳ. ಸಮ್ಮೇಳನಗಳಲ್ಲಿ ಜನ ತಮ್ಮಿಂದ ಬಯಸುವುದು ಏನು? ಸಹಿ. ಪುಸ್ತಕ ಹಿಡಿದು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಾದರೆ ಸಹಿಗೆ ಒಂದು ಬೆಲೆ ಇಡೋಣ, ಆ ಬೆಲೆ ರಕ್ತವೇ ಆಗಲಿ ಎಂದುಕೊಂಡರು. ರಕ್ತ ಕೊಡುತ್ತೇನೆ ಎಂದು ಅಭಿಮಾನಿ ಮಾತು ಕೊಡುವ ಒಂದು ಅಂದವಾದ ಪತ್ರವನ್ನು ಅಚ್ಚು ಹಾಕಿಸಿದರು. ಅದಕ್ಕೆ ಅಭಿಮಾನಿಯೂ ಸಹಿ ಹಾಕಬೇಕು, ಹೈನ್‌ಲೈನ್ ಕೂಡ ಹಾಕುತ್ತಿದ್ದರು.

1976ರ ಸೆಪ್ಟೆಂಬರಿನಲ್ಲಿ ವಿಶ್ವ ಸಮ್ಮೇಳನ ಕಾನ್ಸಾಸ್ ಸಿಟಿಗೆ ಬಂತು. ಅವರು ಬೆಳೆದ ಊರು. ಮೂರನೇ ಸಲ ಗೌರವ ಅತಿಥಿ. ಡೆನ್ವರ್‌ನ ನೂರು ಜನ ಈಗ ಸಾವಿರಾರು ಆಗಿದ್ದರು. ಅತಿಥಿಗೆ ವಯಸ್ಸು 69, ಹಳೆಯ ಕ್ಷಯದ ಎದೆ, ಆರು ವರ್ಷದ ಹಿಂದೆ ಕೊಯ್ದು ಹೊಲಿದ ಹೊಟ್ಟೆ. ಭಾಷಣ ಎಲ್ಲರಿಗೂ ಹಿಡಿಸಲಿಲ್ಲ. ಯುದ್ಧದ ಬಗ್ಗೆ ಅವರು ಆಡಿದ ಮಾತಿಗೆ ಸಭೆಯಲ್ಲೇ ಕೆಲವರು ಅಸಮಾಧಾನ ತೋರಿದರು. ಆದರೆ ಅದೇ ಸಮ್ಮೇಳನದಲ್ಲಿ ಅವರು ರಕ್ತದಾನ ಶಿಬಿರ ನಡೆಸಿದರು, ರಕ್ತ ಕೊಟ್ಟವರಿಗಾಗಿಯೇ ಬೇರೆಯಾಗಿ ಒಂದು ಸತ್ಕಾರ ಕೂಟ ಏರ್ಪಡಿಸಿದರು. ಅತಿಥಿಯಾಗಿ ಬಂದವರು ತಾವೇ ಆತಿಥ್ಯಕ್ಕೆ ನಿಂತರು. ಭಾಷಣಕ್ಕೆ ಬೇಸರಪಟ್ಟವರೂ ತೋಳು ಚಾಚಿದ್ದಿರಬಹುದು. ರಕ್ತಕ್ಕೆ ರಾಜಕೀಯ ಗೊತ್ತಿಲ್ಲವಲ್ಲ.

ಮರುವರ್ಷ, 1977ರಲ್ಲಿ, ಸ್ಯಾನ್ ಡಿಯಾಗೊ ನಗರದ ಕಾಮಿಕ್-ಕಾನ್ ಕರೆಯಿತು. ಈಗ ನಮ್ಮ ಹುಡುಗರೂ ಮೊಬೈಲಿನಲ್ಲಿ ಮಾರ್ವೆಲ್ ಸಿನಿಮಾದ ಟ್ರೇಲರ್‌ಗಾಗಿ ಕಾಯುವ ಅದೇ ಕಾಮಿಕ್-ಕಾನ್, ಆಗಿನ್ನೂ ಸಣ್ಣದು. ಅಲ್ಲಿಯೂ ಹೈನ್‌ಲೈನ್ ರಕ್ತದಾನ ಶಿಬಿರ ಶುರುವಾಯಿತು. ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಅವರಿಗೆ ಆಗಾಗ ಕ್ಷಣಕಾಲ ಆಘಾತಗಳು ಆಗತೊಡಗಿದ್ದೂ ಅದೇ ವರ್ಷದಿಂದ. ಬಂದು ಹೋಗುವ ಪಾರ್ಶ್ವವಾಯು ಎನ್ನಬಹುದು. ಊರಿನವರ ರಕ್ತ ಕೂಡಿಸಲು ಹೊರಟಿದ್ದ ಮನುಷ್ಯನ ತಲೆಗೆ ಅವರದೇ ರಕ್ತ ಹೋಗುತ್ತಿರಲಿಲ್ಲ.

1978ರ ಆರಂಭದಲ್ಲಿ ಟಹೀಟಿ ದ್ವೀಪಗಳಿಗೆ ವಿಶ್ರಾಂತಿಗೆಂದು ಹೋದಾಗ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಂತೆ ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಂಡವು, ಮೈಯ ಒಂದು ಪಕ್ಕ ಸ್ವಾಧೀನ ತಪ್ಪಿತು. ಪರೀಕ್ಷೆ ಮಾಡಿದಾಗ ಕುತ್ತಿಗೆಯ ದೊಡ್ಡ ರಕ್ತನಾಳ ಕಟ್ಟಿಕೊಂಡಿರುವುದು ತಿಳಿಯಿತು. ಅದನ್ನು ಬಳಸಿ ರಕ್ತ ಹರಿಯುವಂತೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದರು. ಅಂಥ ಶಸ್ತ್ರಚಿಕಿತ್ಸೆ ಆಗಿನ್ನೂ ಹೊಸದು. 1979ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಲು ಕರೆದಾಗ ಅವರು ಕಥೆ ಹೇಳಲಿಲ್ಲ, ತಮ್ಮ ದೇಹವನ್ನೇ ಉದಾಹರಣೆಯಾಗಿ ಇಟ್ಟರು. ಬಾಹ್ಯಾಕಾಶ ಸಂಶೋಧನೆಯಿಂದ ಹುಟ್ಟಿದ ತಂತ್ರಜ್ಞಾನ ಮುದುಕರಿಗೂ ರೋಗಿಗಳಿಗೂ ಹೇಗೆ ನೆರವಾಗಿದೆ ಎಂದು ವಿವರಿಸಿದರು. ಆ ಆಪರೇಷನ್ ಆದ ಮೇಲೆ ಇನ್ನೂ ಐದು ಕಾದಂಬರಿ ಬರೆದರು.

ಇವರು ಮೊದಲಿನಿಂದಲೂ ಇಂಥವರೇ ಇದ್ದರೇ ಎಂದು ಹಿಂದಕ್ಕೆ ಹೋಗಿ ನೋಡಿದರೆ ಒಂದೆರಡು ಸಂಗತಿ ಸಿಗುತ್ತವೆ. 1955ರಲ್ಲಿ ಗೆಳೆಯ ಥಿಯೊಡರ್ ಸ್ಟರ್ಜನ್ ಬರೆಯಲು ಏನೂ ತೋಚದೆ, ಕೈಯಲ್ಲಿ ಕಾಸಿಲ್ಲದೆ ಕೂತಿದ್ದಾಗ ಹೈನ್‌ಲೈನ್ 26 ಕಥೆಗಳ ಎಳೆಗಳನ್ನು ಬರೆದು, ಜೊತೆಗೆ 100 ಡಾಲರ್ ಇಟ್ಟು ಕಳಿಸಿದರು. ತಮ್ಮ ವಿಚಾರಗಳಿಗೆ ಪೂರಾ ವಿರುದ್ಧ ದಿಕ್ಕಿನಲ್ಲಿದ್ದ ಫಿಲಿಪ್ ಕೆ. ಡಿಕ್ ಕಾಯಿಲೆ ಬಿದ್ದಾಗ ಫೋನ್ ಮಾಡಿ ವಿಚಾರಿಸಿದರು, ಟೈಪ್‌ರೈಟರ್ ಕೊಡಿಸಿದರು. ತಮ್ಮಿಂದ ಪಡೆದದ್ದನ್ನು ತಮಗೆ ಹಿಂತಿರುಗಿಸಬೇಡಿ, ಮುಂದೆ ಕಷ್ಟದಲ್ಲಿ ಸಿಗುವ ಇನ್ನೊಬ್ಬರಿಗೆ ಕೊಡಿ ಎಂಬುದು ಅವರ ಪದ್ಧತಿ. 1951ರ ಕಿರಿಯರ ಕಾದಂಬರಿಯೊಂದರಲ್ಲೂ ಇದೇ ಮಾತು ಬರುತ್ತದೆ. ಹಾಗೆ ನೋಡಿದರೆ ಯಾರ ಹಂಗೂ ಬೇಡ ಎನ್ನುವ ಅವರ ನಾಯಕರಿಗೂ ಊರೂರು ತಿರುಗಿ ರಕ್ತ ಕೇಳಿದ ಅವರಿಗೂ ಹೊಂದುವುದಿಲ್ಲ. ನನಗೆ ಇಷ್ಟವಾಗುವುದು ಎರಡನೆಯ ಹೈನ್‌ಲೈನ್.

1988ರ ಮೇ 8ರಂದು ನಿದ್ದೆಯಲ್ಲೇ ತೀರಿಕೊಂಡರು. ಶ್ವಾಸಕೋಶದ ಎಂಫಿಸೀಮಾ ಕಾಯಿಲೆ, ಜೊತೆಗೆ ಹೃದಯ ಸೋತಿತ್ತು. ವಯಸ್ಸು 80. ಬೂದಿಯನ್ನು ಪೆಸಿಫಿಕ್ ಸಮುದ್ರದಲ್ಲಿ ಬಿಟ್ಟರು. 27ರಲ್ಲಿ ಸಮುದ್ರದಿಂದ ಹೊರಗೆ ಹಾಕಿಸಿಕೊಂಡವರು ಹೀಗೆ ಅಲ್ಲಿಗೆ ಮರಳಿದರು. ಅದೇ ವರ್ಷ ನಾಸಾ ಕೊಟ್ಟ ಪದಕವನ್ನು ಹೆಂಡತಿ ವರ್ಜೀನಿಯಾ ಸ್ವೀಕರಿಸಿದರು. ಸ್ಯಾನ್ ಡಿಯಾಗೊದ ಶಿಬಿರ ಮಾತ್ರ ನಿಲ್ಲಲಿಲ್ಲ. ಸಹಿ ಹಾಕುವವರು ಹೋದ ಮೇಲೂ ಅವರ ಹೆಸರಿನಲ್ಲೇ ಕಾಮಿಕ್-ಕಾನ್‌ನಲ್ಲಿ ರಕ್ತ ಕೊಡುತ್ತಿದ್ದಾರೆ. ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ವೇಷ ಹಾಕಿಕೊಂಡು ಬಂದವರೂ ಅಲ್ಲಿ ತೋಳು ಮಡಚಿ ಮಲಗುತ್ತಾರಂತೆ.

ಇಷ್ಟನ್ನು ಓದಿಕೊಂಡೇ ನಾನು ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರಕ್ಕೆ ಹೋದದ್ದು. ನಮ್ಮಲ್ಲಿ ರಕ್ತ ಕೊಡಲು 18 ವರ್ಷ ಆಗಿರಬೇಕು, ಕನಿಷ್ಠ 45 ಕೆ.ಜಿ. ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಬೆರಳು ಚುಚ್ಚಿ ನೋಡಿದ ನರ್ಸ್ ತಲೆ ಅಲ್ಲಾಡಿಸಿದರು. ಹಿಮೋಗ್ಲೋಬಿನ್ ಕಡಿಮೆ. ಗೆಳೆಯರೆಲ್ಲ ಬಿಸ್ಕತ್ತು, ಜ್ಯೂಸ್ ಹಿಡಿದು ಫೋಟೊ ತೆಗೆಸಿಕೊಳ್ಳುವಾಗ ನಾನು ಮೆಡಿಕಲ್‌ನಲ್ಲಿ ಔಟಾದ ಹುಡುಗನಂತೆ ಬಾಗಿಲ ಹತ್ತಿರ ನಿಂತಿದ್ದೆ. ಅವ್ವ ಆರು ತಿಂಗಳು ಸೊಪ್ಪು, ಶೇಂಗಾ, ಬೆಲ್ಲ ತಿನ್ನಿಸಿದಳು. ಎರಡನೇ ಸಲ ಹೋದಾಗ 13 ಬಂತು. ಮೇಜಿನ ಹಿಂದೆ ಕೂತಿದ್ದ ಅಣ್ಣ ಒಪ್ಪಿಗೆ ಪತ್ರ ಮುಂದೆ ತಳ್ಳಿ, ಕೆಳಗೆ ಖಾಲಿ ಇದ್ದ ಗೆರೆ ತೋರಿಸಿ, ಇಲ್ಲಿ ಸಹಿ ಹಾಕು ಎಂದ.